ಮಾಲೀಕನ ಗರಜು ಖರೇನೋ, ಬರೀ ನೆವಾನೋ?

ಇಜೇರಿ: "ಮಗ ದೊಡ್ಡಾವ ಆಗ್ಯಾನ, ಅಂಗಡಿ ಹಾಕ್ತಾನಂತ. ಬರೋ ತಿಂಗಳಿಗೆ ಜಾಗಾ ಬಿಡಪಾ" ಎನ್ನುವ ಮಾಲೀಕ. "ಇಷ್ಟು ವರ್ಷದ ಗಿರಾಕಿ ಬಿಟ್ಟು ಎಲ್ಲಿ ಹೋಗ್ಲಿರೀ ಸಾವಕಾರ್ರ, ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ" ಎನ್ನುವ ಬಾಡಿಗೆದಾರ. ಈ ಮಾತುಕತೆ ಇಜೇರಿಗೆ ಮಾತ್ರ ಸೇರಿದ್ದಲ್ಲ, ಜಿಲ್ಲೆಯ ಯಾವ ಊರಿನ ಕಟ್ಟೆಯ ಮೇಲೆ ಕುಂತರೂ ಕೇಳಿಬರುತ್ತದೆ. "ಖರೇ ಗರಜು ಇದ್ದರಷ್ಟೇ ಖಾಲಿ ಮಾಡಿಸಬಹುದು, ಇಲ್ಲಾಂದ್ರ ಕೋರ್ಟು ಬಿಡೂದಿಲ್ಲ" ಎಂಬುದು ಹಲವರ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ನಿಜ.

ಆ ರಕ್ಷಣೆ ಇದ್ದದ್ದು ನಗರ-ಪಟ್ಟಣಗಳ ಬಾಡಿಗೆ ಕಾಯಿದೆಯಲ್ಲಿ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯಡಿ ಮಾಲೀಕ ತನ್ನ ನಿಜವಾದ ಅಗತ್ಯ ತೋರಿಸಬೇಕಿತ್ತು. ಖಾಲಿ ಮಾಡಿಸಿದರೆ ಯಾರಿಗೆ ಹೆಚ್ಚು ತೊಂದರೆ ಎಂಬುದನ್ನೂ ಕೋರ್ಟು ತೂಗಿ ನೋಡುತ್ತಿತ್ತು. ಅದರ ಜಾಗಕ್ಕೆ ಬಂದ 1999ರ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅದರ ಕಲಂ 27ರಲ್ಲಿ ಸ್ವಂತದ ಅಗತ್ಯವೂ ಒಂದು ಕಾರಣ. ಆದರೆ 14 ಚದರ ಮೀಟರು, ಅಂದರೆ ಸುಮಾರು 150 ಚದರ ಅಡಿ ದಾಟಿದ ಅಂಗಡಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ.

ಗರಜು ಖರೇ ಅಂದರೇನು? ಮನಸ್ಸಿನಲ್ಲಿ ಪ್ರಾಮಾಣಿಕವಾಗಿ ಇರಬೇಕು, ಬಾಡಿಗೆದಾರನನ್ನು ಎಬ್ಬಿಸಲು ಹೂಡಿದ ನೆವ ಆಗಿರಬಾರದು ಎಂದು ಸುಪ್ರೀಂ ಕೋರ್ಟು 1999ರ ಒಂದು ತೀರ್ಪಿನಲ್ಲಿ ಹೇಳಿದೆ. ಅಗತ್ಯ ಖರೇ ಎಂದು ಕಂಡ ಮೇಲೆ, "ಹಿಂದಿನ ಖೋಲಿಯಾಗ ಹೊಂದಿಸ್ಕೋ" ಎಂದು ಮಾಲೀಕನಿಗೆ ಬುದ್ಧಿ ಹೇಳುವುದು ಕೋರ್ಟಿನ ಕೆಲಸವಲ್ಲ.

ಕೆಳಗಿನ ಕೋರ್ಟಿನಲ್ಲಿ ಸೋತವರು "ಮ್ಯಾಲ ನೋಡ್ಕೋತೀನಿ" ಅನ್ನುತ್ತಾರೆ. ಅದೂ ಅಷ್ಟು ಸುಲಭವಲ್ಲ. 2014ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹಿಂದುಸ್ತಾನ್ ಪೆಟ್ರೋಲಿಯಂ ಕಂಪನಿಯ ಪ್ರಕರಣದಲ್ಲಿ ಬೇರೆ ರಾಜ್ಯಗಳ ಬಾಡಿಗೆ ಕಾಯಿದೆಗಳನ್ನು ಪರಿಶೀಲಿಸಿ ಒಂದು ಗೆರೆ ಎಳೆಯಿತು. ರಿವಿಜನ್ನಿನಲ್ಲಿ ಹೈಕೋರ್ಟು ಸಾಕ್ಷಿಯನ್ನು ಹೊಸದಾಗಿ ತೂಗಿ ತನ್ನದೇ ತೀರ್ಮಾನಕ್ಕೆ ಬರುವ ಹಾಗಿಲ್ಲ. ಪುರಾವೆಯೇ ಇಲ್ಲದ, ಪುರಾವೆಯನ್ನು ತಪ್ಪಾಗಿ ಓದಿದ ತೀರ್ಪಿದ್ದರೆ ಮಾತ್ರ ಕೈ ಹಾಕಬಹುದು.

ಇನ್ನು ಇಜೇರಿಯ ಮಾತು. ಇದು ಗ್ರಾಮ ಪಂಚಾಯಿತಿಯ ಊರು, ಬಾಡಿಗೆ ಕಾಯಿದೆಯ ಬೇಲಿಯ ಹೊರಗಿದೆ. ಇಲ್ಲಿ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ. ತಿಂಗಳ ಬಾಡಿಗೆಗೆ 15 ದಿನದ ನೋಟೀಸು ಕೊಟ್ಟು ಮಾಲೀಕ ದಾವೆ ಹೂಡಬಹುದು. ಗರಜು ಖರೇನೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ! ಪಟ್ಟಣದ ಪಾನ್ ಡಬ್ಬಿಯವನಿಗೆ ಸಿಗಬಹುದಾದ ರಕ್ಷಣೆ ಹಳ್ಳಿಯ ಕಿರಾಣಿಯವನಿಗೆ ಇಲ್ಲ.

ಹಾಗೆಂದು ನೋಟೀಸು ಮುಗಿದ ಮರುದಿನ ಬೀಗ ಒಡೆದು ಸಾಮಾನು ಬೀದಿಗೆ ಚೆಲ್ಲುವಂತಿಲ್ಲ. ಹಾಗೆ ಮಾಡಿದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ ಕಲಂ 6ರಂತೆ ಬಾಡಿಗೆದಾರ 6 ತಿಂಗಳೊಳಗೆ ದಾವೆ ಹೂಡಿ ಜಾಗ ವಾಪಸ್ ಕೇಳಬಹುದು. ಸಿವಿಲ್ ದಾವೆಯ ಮೊದಲ ಅಪೀಲಿನಲ್ಲಿ ಸಾಕ್ಷಿಯನ್ನು ಮತ್ತೆ ನೋಡುತ್ತಾರೆ. ಎರಡನೇ ಅಪೀಲು ಹೈಕೋರ್ಟಿನಲ್ಲಿ, ಮುಖ್ಯವಾದ ಕಾನೂನು ಪ್ರಶ್ನೆ ಇದ್ದರೆ ಮಾತ್ರ. ಕಲಬುರಗಿಗೆ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಬೆಂಗಳೂರಿಗೆ ಓಡಾಡುವ ಖರ್ಚು ತಪ್ಪಿತು, ಅಪೀಲಿನ ಮಿತಿ ಮಾತ್ರ ಹಾಗೇ ಇದೆ.

ಆದ್ದರಿಂದ ಮಾತಿನ ಮೇಲಿನ ಬಾಡಿಗೆ ಇಬ್ಬರಿಗೂ ಅಪಾಯ. ಅವಧಿ ಬರೆಸಿಕೊಳ್ಳಿ, ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಿ, ಕೊಟ್ಟ ಬಾಡಿಗೆಗೆ ರಸೀದಿ ಇಟ್ಟುಕೊಳ್ಳಿ. ಬಾಡಿಗೆಯಿಂದಲೇ ಒಲೆ ಹೊತ್ತಿಸುವ ಬಡ ಮಾಲೀಕರೂ ಇದ್ದಾರೆ, ಅವರ ಹಕ್ಕನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅಂಗಡಿಯೇ ಜೀವವಾದವನನ್ನು ಎಬ್ಬಿಸುವ ಮುಂಚೆ "ಯಾಕ?" ಎಂಬ ಒಂದು ಪ್ರಶ್ನೆ ಹಳ್ಳಿಯಲ್ಲೂ ಬೇಡವೇ? ಶಾಸನ ಮಾಡುವವರು ಉತ್ತರ ಹೇಳುವರೇ?