ನಿಮಗಿದು ಗೊತ್ತೆ? ಗದ್ದದ ಕೊಬ್ಬಿಗೆ ಪಿತ್ತದ ಮದ್ದು!

ಉಂಡ ತುಪ್ಪ, ಎಣ್ಣೆಯನ್ನು ಜೀರ್ಣಿಸಲು ನೆರವಾಗುವ ಪಿತ್ತರಸದ ಆಮ್ಲವೇ ಗದ್ದದ ಕೆಳಗೆ ಜೋತುಬಿದ್ದ ಕೊಬ್ಬನ್ನೂ ಕರಗಿಸಬಲ್ಲದು! ಅದರ ಹೆಸರು ಡಿಆಕ್ಸಿಕೋಲಿಕ್ ಆಮ್ಲ. ನಮ್ಮೊಳಗೆ ಇದನ್ನು ತಯಾರಿಸುವುದು ಕರುಳಿನ ಬ್ಯಾಕ್ಟೀರಿಯಾಗಳು. ಗದ್ದದ ಕೊಬ್ಬಿಗೆ ಕೊಡುವ ಚುಚ್ಚುಮದ್ದಿನಲ್ಲಿರುವುದು ಕೃತಕವಾಗಿ ತಯಾರಿಸಿದ್ದು.

‘ಡಬಲ್ ಚಿನ್’ ಇಳಿಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರ ಏಪ್ರಿಲ್‌ನಲ್ಲಿ ಈ ಚುಚ್ಚುಮದ್ದಿಗೆ ಒಪ್ಪಿಗೆ ಕೊಟ್ಟಿತು. ಕತ್ತರಿ ಇಲ್ಲ, ಹೊಲಿಗೆ ಇಲ್ಲ. ಹಾಗೆಂದು ಸುಲಭವೂ ಅಲ್ಲ. ಒಂದೇ ಸಲಕ್ಕೆ 50 ಬಾರಿಯವರೆಗೂ ಸೂಜಿ ಚುಚ್ಚಬಹುದು. ಕನಿಷ್ಠ ಒಂದು ತಿಂಗಳ ಅಂತರದಲ್ಲಿ ಹೆಚ್ಚೆಂದರೆ ಇಂಥ 6 ಸರದಿ. ಮದ್ದು ಕೊಬ್ಬಿನ ಕೋಶದ ಪೊರೆಯನ್ನೇ ಒಡೆಯುತ್ತದೆ. ನಾಶವಾದ ಕೋಶ ಮತ್ತೆ ಕೊಬ್ಬು ತುಂಬಿಕೊಳ್ಳಲಾರದು.

ಆದರೆ ಕೊಬ್ಬು ಯಾವುದು, ಬೇರೆ ಅಂಗಾಂಶ ಯಾವುದು ಎಂಬ ಭೇದ ಈ ಮದ್ದಿಗೆ ಗೊತ್ತಿಲ್ಲ. ಬಾವು, ನೋವು, ಮರಗಟ್ಟುವಿಕೆ ಸಾಮಾನ್ಯ. ದವಡೆಯಂಚಿನ ನರಕ್ಕೆ ಪೆಟ್ಟಾದರೆ ನಗುವೇ ಸೊಟ್ಟಗಾಗುತ್ತದೆ. ಅದು ಸರಿಹೋಗಲು ವಾರಗಳೇ ಬೇಕಾಗಬಹುದು. ನುಂಗಲು ಕಷ್ಟ ಇರುವವರಿಗಂತೂ ಇದು ತಕ್ಕುದಲ್ಲ.

ಕತ್ತಿನ ಉಬ್ಬೆಲ್ಲ ಕೊಬ್ಬೇ ಆಗಿರಬೇಕಿಲ್ಲ. ಥೈರಾಯ್ಡ್ ಅಥವಾ ಊದಿದ ಗ್ರಂಥಿಯೂ ಇರಬಹುದು. ಯಾವ ಚಿಕಿತ್ಸೆಗೂ ಮೊದಲು ವೈದ್ಯರಿಗೆ ತೋರಿಸಿ.