ಉರಿಮೂತ್ರ: ಬರಿಯ ಉಷ್ಣವಲ್ಲ

ಮೂತ್ರಕ್ಕೆ ಹೋದಾಗ ಉರಿಯೆಂದರೆ ನಮ್ಮ ಮನೆಗಳಲ್ಲಿ "ಉಷ್ಣವಾಗಿದೆ, ಎಳನೀರು ಕುಡಿ" ಎನ್ನುವುದು ವಾಡಿಕೆ. ಎಳನೀರು ಒಳ್ಳೆಯದೇ. ಆದರೆ ಉರಿಯೊಡನೆ ಮೇಲಿಂದ ಮೇಲೆ ಅವಸರ, ಕಿಬ್ಬೊಟ್ಟೆಯ ನೋವು, ಮೂತ್ರದಲ್ಲಿ ರಕ್ತ ಕಂಡರೆ ಅದು ಬಹುಮಟ್ಟಿಗೆ ರೋಗಾಣುವಿನ ಕೆಲಸ. ಕರುಳಿನಲ್ಲಿ ವಾಸಿಸುವ ಈ. ಕೋಲೈ ಎಂಬ ಜೀವಾಣುವೇ ಹೆಚ್ಚಾಗಿ ಕಾರಣ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರಷ್ಟೇ ಉದ್ದವಾದ್ದರಿಂದ ಅದು ಸುಲಭವಾಗಿ ಮೂತ್ರಕೋಶ ಸೇರುತ್ತದೆ. ಇದರಲ್ಲಿ ನಾಚುವಂಥದೇನೂ ಇಲ್ಲ.

ವೈದ್ಯರು ಮೂತ್ರಪರೀಕ್ಷೆ ಹೇಳಿದರೆ, ಔಷಧ ಆರಂಭಿಸುವ ಮೊದಲೇ ಕೊಡಬೇಕು. ಮೊದಲ ಧಾರೆಯನ್ನು ಬಿಟ್ಟು ನಡುವಿನದನ್ನು ಶುದ್ಧವಾದ ಸೀಸೆಯಲ್ಲಿ ಹಿಡಿಯತಕ್ಕದ್ದು. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಎರಡು ಮೂರು ದಿನ ಹಿಡಿಯುತ್ತದೆ. ಅದು ಯಾವ ಔಷಧಕ್ಕೆ ಬಗ್ಗುವುದೆಂದು ಆಗ ತಿಳಿಯುತ್ತದೆ. ಹಿಂದೆ ಉಳಿದ ಮಾತ್ರೆ ನುಂಗುವುದು, ಉರಿ ನಿಂತೊಡನೆ ಔಷಧ ಬಿಡುವುದು ಎರಡೂ ತಪ್ಪು.

ಚಳಿಜ್ವರ, ಪಕ್ಕೆನೋವು, ವಾಂತಿ ಬಂದರೆ ರೋಗ ಮೂತ್ರಪಿಂಡಕ್ಕೆ ಏರಿರಬಹುದು. ಅಂದೇ ವೈದ್ಯರಲ್ಲಿಗೆ ಹೋಗಬೇಕು. ಗರ್ಭಿಣಿಯರು ಸಣ್ಣ ಉರಿಯನ್ನೂ ಕಡೆಗಣಿಸಬಾರದು.

ಊರಿನಿಂದ ಹೊಸದಾಗಿ ಬಂದ ಸೋದರಿಯರಿಗೆ ಪರಭಾಷೆಯ ವೈದ್ಯರೆದುರು ಬಾಯಿ ಬಾರದು; ಯಜಮಾನರು "ಹೊಟ್ಟೆನೋವು" ಎಂದಷ್ಟೇ ಹೇಳಿ ಮುಗಿಸುತ್ತಾರೆ. ಹಿಂದಿಯಲ್ಲಿ "ಪೇಶಾಬ್ ಮೇ ಜಲನ್", ಮರಾಠಿಯಲ್ಲಿ "ಲಘವೀಲಾ ಜಳಜಳ" ಎಂದರೆ ಸಾಕು, ವೈದ್ಯರಿಗೆ ತಿಳಿಯುತ್ತದೆ. ಇಷ್ಟನ್ನು ಮನೆಯ ಹೆಣ್ಣುಮಕ್ಕಳಿಗೆಲ್ಲ ಕಲಿಸಿಡಿರಿ.