ಎಷ್ಟು ತಿನ್ನಬೇಕೆಂದು ಮಗುವಿಗೆ ಗೊತ್ತು

ಮೊದಲ ಹುಟ್ಟುಹಬ್ಬದ ಹೊತ್ತಿಗೆ ಮಗುವಿನ ತೂಕ ಹುಟ್ಟಿದಾಗಿನ ಸುಮಾರು ಮೂರು ಪಟ್ಟಾಗಿರುತ್ತದೆ. ಎರಡನೆಯ ವರ್ಷದಲ್ಲಿ ಕೂಡುವುದು ಎರಡೂವರೆ ಕಿಲೋ ಆಸುಪಾಸು ಮಾತ್ರ. ಬೆಳವಣಿಗೆ ನಿಧಾನವಾದಂತೆ ಹಸಿವೂ ತಗ್ಗುತ್ತದೆ. ‘ಮಗು ಏನೂ ತಿನ್ನೋದಿಲ್ಲ’ ಎಂಬ ದೂರು ಏಳುವುದು, ಮೊಬೈಲ್ ತೋರಿಸಿ ತುತ್ತು ತುರುಕುವುದು ಶುರುವಾಗುವುದು ಈ ವಯಸ್ಸಿನಲ್ಲೇ.

ಮಗುವಿಗೆ ತನ್ನ ಹೊಟ್ಟೆಯ ಲೆಕ್ಕ ತಿಳಿದಿದೆಯೇ ಎಂಬುದನ್ನು ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ 1926ರಿಂದ ಪರೀಕ್ಷಿಸತೊಡಗಿದರು. ಮೊದಲು ಕ್ಲೀವ್‌ಲ್ಯಾಂಡ್, ಆಮೇಲೆ ಷಿಕಾಗೋ. ಒಟ್ಟು 15 ಶಿಶುಗಳು, 34 ಬಗೆಯ ಆಹಾರ. ದಾದಿ ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ಕೈ ಚಾಚಿದರೆ ಆ ಬಟ್ಟಲಿನಿಂದ ಒಂದು ಚಮಚ. ಬಾಯಿ ತೆರೆಯದಿದ್ದರೆ ಅದೂ ಇಲ್ಲ. ಮಕ್ಕಳು ಆರಿಸಿಕೊಂಡದ್ದು ದೊಡ್ಡವರ ಎಣಿಕೆಗೆ ಸಿಗುವಂಥದ್ದಲ್ಲ: ಬೆಳಗ್ಗೆ ಅರ್ಧ ಲೀಟರಿನಷ್ಟು ಕಿತ್ತಳೆ ರಸದ ಜೊತೆ ಲಿವರ್, ರಾತ್ರಿ ಹಲವು ಮೊಟ್ಟೆ, ಬಾಳೆಹಣ್ಣು, ಹಾಲು. ರಿಕೆಟ್ಸ್ ಇದ್ದ ಒಂದು ಮಗುವಿನ ತಟ್ಟೆಯಲ್ಲಿ ಕಾಡ್ ಲಿವರ್ ಎಣ್ಣೆಯನ್ನೂ ಇಟ್ಟಿದ್ದರು. ಮೂಳೆ ಗುಣವಾಗುವವರೆಗೆ ಅದು ತಾನಾಗಿಯೇ ಆ ಎಣ್ಣೆ ಕುಡಿಯಿತು; ಆಮೇಲೆ ಮುಟ್ಟಲಿಲ್ಲ. ಮಕ್ಕಳೆಲ್ಲ ಚೆನ್ನಾಗಿ ಬೆಳೆದರು. ಆದರೆ ಪಟ್ಟಿಯಲ್ಲಿ ಸಕ್ಕರೆಯಾಗಲಿ ಡಬ್ಬಿಯ ಆಹಾರವಾಗಲಿ ಇರಲಿಲ್ಲ. ಗುಟ್ಟು ಇರುವುದು ಆ ಪಟ್ಟಿಯಲ್ಲೇ ಎಂದು ಡೇವಿಸ್ ಅವರೇ ಹೇಳಿದರು.

1991ರಲ್ಲಿ ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು ಎರಡರಿಂದ ಐದು ವರ್ಷದ ಮಕ್ಕಳ ಊಟ ಅಳೆದರು. ಒಂದೊಂದು ಹೊತ್ತಿನ ಊಟ ಬಹಳ ಏರುಪೇರಾದರೂ ದಿನದ ಒಟ್ಟು ಕ್ಯಾಲರಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಬೇಡವೆಂದು ತಡೆದ ತಿಂಡಿಯ ಮೇಲೆ ಮಕ್ಕಳ ಆಸೆ ಹೆಚ್ಚುತ್ತದೆಂದೂ ಅವರ ಮುಂದಿನ ಪ್ರಯೋಗಗಳು ತೋರಿಸಿದವು.

ಸಮೀಕ್ಷೆಗಳಲ್ಲಿ ಒತ್ತಾಯದ ಊಟ ಕಡಿಮೆ ತೂಕದ ಜೊತೆಗೂ ಕಟ್ಟುಪಾಡು ಹೆಚ್ಚು ತೂಕದ ಜೊತೆಗೂ ಕಾಣಿಸಿಕೊಳ್ಳುತ್ತವೆ. ಇದನ್ನು ಎಚ್ಚರದಿಂದ ಓದಬೇಕು: ಸಣಕಲು ಮಗುವಿಗೇ ತಾಯಿ ಹೆಚ್ಚು ಒತ್ತಾಯಿಸುತ್ತಾಳೆ, ದಪ್ಪಗಿರುವ ಮಗುವಿನ ತಟ್ಟೆಯನ್ನೇ ತಡೆಯುತ್ತಾಳೆ. ಪೆನ್ಸಿಲ್ವೇನಿಯಾದಲ್ಲಿ 279 ತಾಯಂದಿರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇನ್‌ಸೈಟ್ ಅಧ್ಯಯನ ಇನ್ನಷ್ಟು ಗಟ್ಟಿ, ಏಕೆಂದರೆ ಅಲ್ಲಿ ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಗಿತ್ತು. ಹಸಿವು–ತೃಪ್ತಿಯ ಸೂಚನೆ ಗುರುತಿಸಲು, ಅತ್ತಾಗಲೆಲ್ಲ ಉಣಿಸದಿರಲು ಕಲಿತ ತಾಯಂದಿರ ಮಕ್ಕಳ ಬಿಎಂಐ ಮೂರನೆಯ ವರ್ಷದಲ್ಲಿ ಇನ್ನೊಂದು ಗುಂಪಿನವರಿಗಿಂತ ತುಸು ಕಡಿಮೆಯಿತ್ತು.

ಭಾರತದಲ್ಲಿ ತಾಯಂದಿರ ಆತಂಕಕ್ಕೆ ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಶೇ 32.1 ಮಕ್ಕಳ ತೂಕ ವಯಸ್ಸಿಗೆ ತಕ್ಕಷ್ಟಿಲ್ಲ. ಎತ್ತರಕ್ಕೆ ಮೀರಿದ ತೂಕವಿರುವವರು ಶೇ 3.4. ತಾಯಿ ಕಾರ್ಡಿನಲ್ಲಿ ಮಗುವಿನ ಬೆಳವಣಿಗೆಯ ಗೆರೆ ಇಳಿಯತೊಡಗಿದರೆ ವೈದ್ಯರನ್ನು ಕಾಣಲೇಬೇಕು. ಗೆರೆ ತನ್ನ ಹಾದಿಯಲ್ಲೇ ಏರುತ್ತಿದ್ದರೆ ಆಹಾರತಜ್ಞೆ ಎಲಿನ್ ಸಾಟರ್ ಹೇಳಿದ ಹಂಚಿಕೆ ಸಾಕು: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರದು, ತಿನ್ನಬೇಕೇ, ಎಷ್ಟು ಎಂಬುದು ಮಗುವಿನದು.